ಪುಟ್ಟ ಮಕ್ಕಳ ಜೊತೆ ಫನ್ ರನ್: ಹೆಸರು ಬರೆಸುವುದರಿಂದ ಮನೆಗೆ ಮರಳುವವರೆಗೆ

ಮಗುವಿಗೆ ನಾಲ್ಕು ವರ್ಷ, ಒಂದು ಕಿಲೋಮೀಟರ್ ಓಡಿಸಬಹುದಾ? ಮಗುವನ್ನು ಕೂರಿಸಿ ತಳ್ಳುವ ಗಾಡಿ, ಅಂದರೆ ಸ್ಟ್ರೋಲರ್ ತಂದರೆ ಒಳಗೆ ಬಿಡುತ್ತಾರಾ? ಅರ್ಧ ದಾರಿಯಲ್ಲಿ ಕೂತುಬಿಟ್ಟರೆ ಏನು ಮಾಡೋದು? ಮಳೆ ಬಂದರೆ? ಓಟದ ಸುದ್ದಿ ಬಂದಾಗಲೆಲ್ಲ ಓದುಗರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿದ್ದೇವೆ.

ಫನ್ ರನ್ ಎಂದರೆ ಸೋಲು ಗೆಲುವಿನ ಲೆಕ್ಕವಿಲ್ಲದೆ, ಮನೆಮಂದಿಯೆಲ್ಲ ಸೇರಿ ಓಡುವ ಅಥವಾ ನಡೆಯುವ ಸಣ್ಣ ದೂರದ ಓಟ. ದೂರ ಸಾಮಾನ್ಯವಾಗಿ 1ರಿಂದ 5 ಕಿ.ಮೀ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಮಗು ನಿಜವಾಗಿ ಓಡುವುದು ಹತ್ತು ಹದಿನೈದು ನಿಮಿಷ. ಆ ಹದಿನೈದು ನಿಮಿಷದಲ್ಲಿ ಏನೂ ಕೆಡುವುದಿಲ್ಲ. ಕೆಡುವುದೆಲ್ಲ ಅದರ ಹಿಂದುಮುಂದಿನ ಎರಡು ಮೂರು ಗಂಟೆಯಲ್ಲಿ: ನಿದ್ದೆ ಮುಗಿಯುವ ಮೊದಲೇ ಎಬ್ಬಿಸಿದ್ದು, ಶೌಚಾಲಯದ ಸಾಲು, ಕಾದೂ ಕಾದೂ ಬೇಸತ್ತದ್ದು, ಒದ್ದೆ ಬಟ್ಟೆ. ಅದಕ್ಕೇ ಇಲ್ಲಿ ಓಟಕ್ಕಿಂತ ಅದರ ಸುತ್ತಲಿನ ಕೆಲಸದ ಮಾತೇ ಜಾಸ್ತಿ.

1. ದೂರ ಮತ್ತು ಓಟ ಆರಿಸುವುದು

ಮನೆಯ ಅತಿ ಚಿಕ್ಕ ಮಗುವನ್ನು ನೋಡಿ ದೂರ ನಿರ್ಧರಿಸಿ. ಎರಡು ಮೂರು ವರ್ಷದವರಿಗೆ 50ರಿಂದ 100 ಮೀಟರಿನ ಪುಟಾಣಿ ಓಟ ಸಾಕು. ಒಂದು ತುದಿಯಲ್ಲಿ ಅಪ್ಪ ಬಿಟ್ಟರೆ ಇನ್ನೊಂದು ತುದಿಯಲ್ಲಿ ಅಮ್ಮ ಹಿಡಿಯುತ್ತಾರೆ, ಅಷ್ಟೇ. ನಾಲ್ಕೈದು ವರ್ಷದವರು ಓಡುತ್ತ ನಡೆಯುತ್ತ 500 ಮೀಟರಿನಿಂದ 1 ಕಿ.ಮೀ. ಮುಗಿಸುತ್ತಾರೆ. ಆರರಿಂದ ಎಂಟರವರಿಗೆ 1ರಿಂದ 2 ಕಿ.ಮೀ. ಹಿತವಾದ ದೂರ. ಇವು ಕಟ್ಟುನಿಟ್ಟಿನ ಗಡಿಗಳಲ್ಲ. ನಿಮ್ಮ ಮಗು ‘ಎತ್ಕೋ’ ಎನ್ನದೆ ಈಗ ಎಷ್ಟು ದೂರ ನಡೆಯುತ್ತದೆ ಎಂದು ಒಂದು ಸಂಜೆ ನೋಡಿ. ಓಟದ ದೂರ ಅದರ ಮುಕ್ಕಾಲು ಪಾಲಿನಷ್ಟಿರಲಿ. ಉಳಿದ ಕಾಲು ಪಾಲು ಶಕ್ತಿ ಗಾಡಿ ನಿಲ್ಲಿಸಿದ ಜಾಗದಿಂದ ಮೈದಾನಕ್ಕೆ, ಮೈದಾನದಿಂದ ಮತ್ತೆ ಗಾಡಿಗೆ ನಡೆಯಲು ಬೇಕು. ಈ ನಡಿಗೆಯನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು.

ಮಕ್ಕಳಲ್ಲಿ ಶಕ್ತಿಗೆ ಕೊರತೆಯಿಲ್ಲ. 3-4 ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಉಸಿರು ಏರುವಂಥ ಆಟವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯೇ ಹೇಳುತ್ತದೆ. ಆದರೆ ಅದು ದಿನವಿಡೀ ಹಂಚಿಹೋಗುವ ಲೆಕ್ಕ. ಸಣ್ಣವರ ಓಟ ಒಂದು ಧಾವಿಸುವಿಕೆ, ಒಂದು ನಿಲುಗಡೆ, ಮತ್ತೆ ಒಂದು ಧಾವಿಸುವಿಕೆ. ನಾಲ್ಕು ವರ್ಷದ ಮಗು 1 ಕಿ.ಮೀ.ಗೆ 20-25 ನಿಮಿಷ ತೆಗೆದುಕೊಂಡರೆ ಅದು ಸಹಜ. ದಾರಿಯಲ್ಲಿ ಇರುವೆ ಸಾಲು ಕಂಡರೆ ಅರ್ಧ ಗಂಟೆ.

ಓಟದ ಬಗೆಯನ್ನೂ ನೋಡಿ. ಬಣ್ಣದ ಪುಡಿ ಎರಚುವ ಓಟ ಫೋಟೋದಲ್ಲಿ ಚಂದ. ಆದರೆ ಪುಡಿ ಮಕ್ಕಳ ಮುಖದ ಎತ್ತರದಲ್ಲೇ ಹಾರುತ್ತದೆ. ಕಣ್ಣಿಗೆ ಕನ್ನಡಕ, ಬಾಯಿಗೆ ಬಟ್ಟೆ ಬೇಕು. ಆಸ್ತಮಾ ಇರುವ ಮಗುವಿಗೆ ಇದು ಬೇಡವೇ ಬೇಡ. ಕೆಸರಿನ ಓಟಕ್ಕೆ ಗಾಯ ಇರುವ ಕಾಲು ಇಳಿಸಬೇಡಿ. ರಾತ್ರಿಯ ಮಿನುಗು ಓಟದಲ್ಲಿ ಹೊಳೆಯುವ ಕಡ್ಡಿ ಕೊಡುತ್ತಾರೆ. ಪುಟ್ಟವರು ಅದನ್ನು ಕಚ್ಚುತ್ತಾರೆ, ಒಡೆದರೆ ಒಳಗಿನ ದ್ರವ ಬಾಯಿ ಕಣ್ಣು ಉರಿಸುತ್ತದೆ. ಮೂರರ ಒಳಗಿನ ಮಕ್ಕಳ ಕೈಗೆ ಕೊಡದಿರುವುದೇ ಲೇಸು. ಮೊದಲ ಸಲಕ್ಕೆ ಹುಲ್ಲು ಮೈದಾನದ ಮೇಲೆ ಹಗಲಿನಲ್ಲಿ ನಡೆಯುವ ಸಾದಾ ಓಟಕ್ಕಿಂತ ಒಳ್ಳೆಯದಿಲ್ಲ.

2. ದುಡ್ಡು ಕಟ್ಟುವ ಮೊದಲು ನಿಯಮ ಓದುವುದು

ನೋಂದಣಿ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದೇ ಮುಖ್ಯ. ಐದು ವಿಷಯ ಹುಡುಕಿ.

ವಯಸ್ಸಿನ ಲೆಕ್ಕ ಯಾವ ದಿನಕ್ಕೆ? ಸಾಮಾನ್ಯವಾಗಿ ಓಟದ ದಿನಕ್ಕೆ, ಹೆಸರು ಬರೆಸುವ ದಿನಕ್ಕಲ್ಲ. ನಡುವೆ ಹುಟ್ಟುಹಬ್ಬ ಬಂದರೆ ಗುಂಪು ಬದಲಾಗುತ್ತದೆ.

ಜೊತೆಗೆ ದೊಡ್ಡವರು ಓಡಬೇಕಾ, ಓಡಬಹುದಾ, ಅವರಿಗೂ ಬಿಬ್ ಬೇಕಾ? ಬಿಬ್ ಎಂದರೆ ಎದೆಗೆ ಪಿನ್ ಮಾಡುವ ಸಂಖ್ಯೆಯ ಹಾಳೆ. ಅದಿಲ್ಲದ ದೊಡ್ಡವರನ್ನು ಕೆಲವು ಕಡೆ ಓಟದ ದಾರಿಗೇ ಬಿಡುವುದಿಲ್ಲ. 2004ರಲ್ಲಿ ಲಂಡನ್ನಿನ ಬುಶಿ ಪಾರ್ಕಿನಲ್ಲಿ ಶುರುವಾಗಿ ಹಲವು ದೇಶಗಳಿಗೆ ಹಬ್ಬಿದ ಪಾರ್ಕ್‌ರನ್ ಎಂಬ ಉಚಿತ ಓಟದ 5 ಕಿ.ಮೀ. ದಾರಿಯಲ್ಲಿ 11ರ ಒಳಗಿನ ಮಗು ದೊಡ್ಡವರ ಕೈಗೆ ಎಟಕುವಷ್ಟು ಹತ್ತಿರವೇ ಇರಬೇಕು ಎಂಬ ನಿಯಮವಿದೆ. ನೀವು ಹೋಗುವ ಓಟದಲ್ಲಿ ಅಂಥ ನಿಯಮ ಇಲ್ಲದಿದ್ದರೂ ನೀವೇ ಪಾಲಿಸಿ.

ಸ್ಟ್ರೋಲರ್‌ಗೆ ಅನುಮತಿ ಉಂಟಾ? ಇದ್ದರೆ ಎಲ್ಲಿಂದ ಹೊರಡಬೇಕು? ಬಹುತೇಕ ಕಡೆ ಸಾಲಿನ ಕಟ್ಟಕಡೆಯಿಂದ.

ಕಟ್-ಆಫ್ ಎಷ್ಟು? ಇಷ್ಟು ಹೊತ್ತಿನೊಳಗೆ ಮುಗಿಸದಿದ್ದರೆ ದಾರಿ ತೆರವು ಮಾಡುತ್ತೇವೆ ಎಂಬ ಗಡುವು ಅದು. ಮೇಲೆ ಹೇಳಿದ ಇರುವೆ ಸಾಲಿನ ಲೆಕ್ಕ ಹಾಕಿಯೂ ಮುಗಿಸಲು ಸಾಧ್ಯವಿರಬೇಕು.

ಕೊನೆಯದು, ಹೊರಡುವ ಕ್ರಮ. ‘ವೇವ್ ಸ್ಟಾರ್ಟ್’ ಎಂದಿದ್ದರೆ ಎಲ್ಲರನ್ನೂ ಒಟ್ಟಿಗೆ ಬಿಡದೆ, ನಡುವೆ ಕೆಲವು ನಿಮಿಷ ಬಿಟ್ಟು ತಂಡತಂಡವಾಗಿ ಬಿಡುತ್ತಾರೆ ಎಂದರ್ಥ. ಮಕ್ಕಳಿಗೆ ಇದು ಒಳ್ಳೆಯದು. ದೊಡ್ಡವರ ಜೊತೆ ಒಂದೇ ಸಲ ಬಿಡುವ ಓಟದಲ್ಲಿ ಮೊದಲ ನೂರು ಮೀಟರಿನ ನೂಕುನುಗ್ಗಲೇ ಅಪಾಯ.

ಹೆಸರು ಬರೆಸುವಾಗ ಮಗುವಿನ ಅಲರ್ಜಿ, ಆಸ್ತಮಾ, ಫಿಟ್ಸ್ ವಿವರ ಮುಚ್ಚಿಡಬೇಡಿ. ಬಿಟ್ಟುಬಿಟ್ಟರೆ ಹೆಸರು ಸ್ವೀಕರಿಸುತ್ತಾರೆ ಎಂಬ ಎಣಿಕೆಯಲ್ಲಿ ಕೆಲವರು ಆ ಜಾಗ ಖಾಲಿ ಬಿಡುತ್ತಾರೆ. ತೊಂದರೆಯಾದಾಗ ನೆರವಿಗೆ ಬರುವವರ ಕೈಯಲ್ಲಿ ಇರುವುದು ಆ ಹಾಳೆ ಮಾತ್ರ. ಮಗುವಿನ ಫೋಟೋ ಬಳಕೆಗೆ ಒಪ್ಪಿಗೆ ಕೇಳುವ ಚೌಕವನ್ನೂ ಓದಿಯೇ ಗುರುತು ಹಾಕಿ.

3. ಸ್ಟ್ರೋಲರ್ ತಳ್ಳಿಕೊಂಡು ಓಡುವವರಿಗೆ

ಮಡಚುವ ಸಾದಾ ಸ್ಟ್ರೋಲರ್ ತಳ್ಳುತ್ತ ಓಡಬೇಡಿ. ಅದರ ಚಿಕ್ಕ ಚಕ್ರ ಸಣ್ಣ ಕಲ್ಲಿಗೆ ಸಿಕ್ಕರೂ ಗಾಡಿ ಮುಂದಕ್ಕೆ ಮಗುಚುತ್ತದೆ. ನಡೆಯಲು ಅದು ಸಾಕು. ಓಡಲೇಬೇಕೆಂದರೆ ಜಾಗಿಂಗ್ ಸ್ಟ್ರೋಲರ್ ಬೇಕು: ಮೂರು ದೊಡ್ಡ ಚಕ್ರ, ಮುಂದಿನ ಚಕ್ರ ತಿರುಗದಂತೆ ಬಿಗಿಯುವ ಲಾಕ್, ಕೈಬ್ರೇಕ್, ಮತ್ತು ತಳ್ಳುವವರ ಮಣಿಕಟ್ಟಿಗೆ ಹಾಕಿಕೊಳ್ಳುವ ಪಟ್ಟಿ. ಓಡುವಾಗ ಮುಂದಿನ ಚಕ್ರ ಲಾಕ್ ಆಗಿರಲೇಬೇಕು. ಬಿಟ್ಟಿದ್ದರೆ ವೇಗದಲ್ಲಿ ಚಕ್ರ ಅಲ್ಲಾಡಿ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಮಗುವಿಗೆ ಎರಡು ಭುಜ, ಎರಡು ಸೊಂಟ, ಕಾಲ ನಡುವೆ ಒಂದು, ಹೀಗೆ ಐದೂ ಕಡೆ ಬೆಲ್ಟ್ ಬಿಗಿಯಿರಿ. ಹಿಡಿಕೆಗೆ ಭಾರದ ಬ್ಯಾಗ್ ನೇತುಹಾಕಿದರೆ ಗಾಡಿ ಹಿಂದಕ್ಕೆ ಮಗುಚುತ್ತದೆ. ಸಾಮಾನು ಕೆಳಗಿನ ಬುಟ್ಟಿಗೆ ಹಾಕಿ.

ಎಷ್ಟು ತಿಂಗಳ ಮಗುವನ್ನು ಕೂರಿಸಿ ಓಡಬಹುದು? ತಯಾರಕರು ಸಾಮಾನ್ಯವಾಗಿ 6 ತಿಂಗಳಿಗಿಂತ ಮೊದಲು ಬೇಡ ಎನ್ನುತ್ತಾರೆ. ಕುತ್ತಿಗೆ ಗಟ್ಟಿಯಾಗಿ ನಿಂತು, ಆಸರೆ ಇಲ್ಲದೆ ಕೂರುವವರೆಗೆ ಕಾಯಿರಿ, ಮಗುವಿನ ವೈದ್ಯರನ್ನು ಒಂದು ಮಾತು ಕೇಳಿ. ಎದೆಗೆ ಅಥವಾ ಬೆನ್ನಿಗೆ ಕಟ್ಟಿಕೊಂಡು ಓಡುವುದಂತೂ ಕೂಡದು. ಪ್ರತಿ ಹೆಜ್ಜೆಗೂ ತಲೆ ಕುಲುಕುತ್ತದೆ, ನೀವು ಎಡವಿದರೆ ಮಗು ನಿಮ್ಮ ಭಾರದ ಕೆಳಗೆ. ಕಟ್ಟಿಕೊಂಡಿದ್ದರೆ ನಡೆಯಿರಿ.

4. ನಾಲ್ಕು ವಾರದ ತಯಾರಿ

ತರಬೇತಿ ಎಂಬ ದೊಡ್ಡ ಪದ ಇಲ್ಲಿ ಬೇಡ. ವಾರಕ್ಕೆ ಎರಡು ಮೂರು ಸಂಜೆ, ಒಂದೊಂದು ಸಲ 20 ನಿಮಿಷ ಸಾಕು. ಮೊದಲ ವಾರ ಬರೀ ಆಟ: ಮುಟ್ಟಾಟ, ‘ಆ ಮರದವರೆಗೆ ಯಾರು ಮೊದಲು’. ಎರಡನೇ ವಾರ ಅರ್ಧ ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಐದಾರು ಸಲ. ಮೂರನೇ ವಾರ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ. ನಾಲ್ಕನೇ ವಾರದ ಆರಂಭದಲ್ಲಿ ಓಟದ ದೂರವನ್ನು ಒಂದೇ ಒಂದು ಸಲ, ಓಟದ ದಿನ ಹಾಕುವ ಬಟ್ಟೆ ಶೂಗಳಲ್ಲೇ ಮುಗಿಸಿ. ಉಳಿದ ದಿನ ಆಟ, ಓಟದ ಹಿಂದಿನ ದಿನ ವಿಶ್ರಾಂತಿ.

ವೇಗ ಸರಿಯಿದೆಯೇ ಎಂದು ತಿಳಿಯಲು ಗಡಿಯಾರ ಬೇಡ. ಮಗು ಓಡುತ್ತ ಒಂದು ಪೂರ್ತಿ ವಾಕ್ಯ ಹೇಳುವಂತಿದ್ದರೆ ಸರಿ. ಒಂದೊಂದು ಪದಕ್ಕೂ ಉಸಿರು ಎಳೆಯುತ್ತಿದ್ದರೆ ನಡಿಗೆಗೆ ಇಳಿಸಿ. ಮಕ್ಕಳಿಗೆ ಇದೊಂದೇ ಕಲಿಸಬೇಕಾದದ್ದು, ಏಕೆಂದರೆ ಅವರೆಲ್ಲರೂ ಮಾಡುವ ತಪ್ಪು ಒಂದೇ: ಸೀಟಿ ಊದಿದ ತಕ್ಷಣ ಬಾಣದ ಹಾಗೆ ಹಾರಿ, ಇನ್ನೂರು ಮೀಟರಿಗೆ ಹೊಟ್ಟೆ ಹಿಡಿದುಕೊಂಡು ನಿಲ್ಲುವುದು.

ಇನ್ನೆರಡು ಅಭ್ಯಾಸವನ್ನೂ ಈ ವಾರಗಳಲ್ಲೇ ಮಾಡಿಸಿ. ‘ನಿಲ್ಲು’ ಎಂದರೆ ಇದ್ದಲ್ಲೇ ನಿಲ್ಲುವ ಆಟ ಒಂದು. ಅಪ್ಪ ಅಮ್ಮನ ಪೂರ್ತಿ ಹೆಸರು ಹೇಳುವುದು ಇನ್ನೊಂದು. ಜನಸಂದಣಿಯಲ್ಲಿ ಕಳೆದುಹೋದ ಮಗು ಅಪ್ಪನ ಹೆಸರು ‘ಅಪ್ಪ’ ಎಂದರೆ ಮೈಕಿನಲ್ಲಿ ಕೂಗುವವರು ಏನು ಮಾಡಬೇಕು?

5. ಶೂ ಮತ್ತು ಬಟ್ಟೆ

ಶೂ ಕೊಳ್ಳುವುದಾದರೆ ಸಂಜೆ ಹೊತ್ತು, ಓಡುವಾಗ ಹಾಕುವ ಸಾಕ್ಸ್ ಹಾಕಿಸಿ, ಮಗುವನ್ನು ನಿಲ್ಲಿಸಿ ಅಳತೆ ನೋಡಿ. ಒಳಗಿನ ಮೆತ್ತೆಯನ್ನು ಹೊರತೆಗೆದು ಅದರ ಮೇಲೆ ಪಾದ ಇಡಿಸಿದರೆ ಊಹೆಗೆ ಕೆಲಸವಿಲ್ಲ: ಅತಿ ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗ ಕಾಣಬೇಕು. ಮುಂದಿನ ವರ್ಷಕ್ಕೂ ಆಗಲಿ ಎಂದು ಎರಡು ಸೈಜ್ ದೊಡ್ಡದು ಕೊಳ್ಳುವ ಆಸೆ ಬೇಡ. ಪಾದ ಒಳಗೆ ಜಾರಿ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ, ಮಗು ಎಡವುತ್ತದೆ. ಹೊಸ ಶೂವನ್ನು ಓಟದ ದಿನ ಮೊದಲ ಸಲ ಹಾಕುವುದು ಅತಿ ಸಾಮಾನ್ಯ ತಪ್ಪು. ಎರಡು ವಾರವಾದರೂ ತೊಟ್ಟು ಪಳಗಿರಬೇಕು. ಲೇಸ್ ಇದ್ದರೆ ಎರಡು ಗಂಟು, ತುದಿಗಳನ್ನು ಒಳಗೆ ಸಿಕ್ಕಿಸಿ. ಆರರ ಒಳಗಿನವರಿಗೆ ಅಂಟುಪಟ್ಟಿಯ ಶೂ ಸುಲಭ.

ಸಾಕ್ಸ್ ಹೊಲಿಗೆ ಬೆರಳ ಮೇಲೆ ಕೂತರೆ ಕೆಲವು ಮಕ್ಕಳು ಒಂದು ಹೆಜ್ಜೆಯೂ ಇಡುವುದಿಲ್ಲ. ದೊಡ್ಡವರಿಗೆ ಇದು ಹಟ ಎನಿಸುತ್ತದೆ. ಶೂ ಬಿಚ್ಚಿ ಹೊಲಿಗೆ ಸರಿಸಿ ನೋಡಿ, ಹಟ ಹೋಗಿರುತ್ತದೆ.

ಓಟದವರು ಕೊಡುವ ಟೀ ಶರ್ಟ್ ಮಕ್ಕಳ ಅಳತೆಗೆ ಬರುವುದು ಅಪರೂಪ. ಮೊಣಕಾಲಿಗೆ ಇಳಿಯುವ ಟೀ ಶರ್ಟಿನಲ್ಲಿ ಓಡಿಸುವ ಬದಲು ಪಳಗಿದ ಬಟ್ಟೆ ಹಾಕಿಸಿ, ಅದನ್ನು ಫೋಟೋಗೆ ಇಟ್ಟುಕೊಳ್ಳಿ. ದಾರ, ಉದ್ದ ಶಾಲು, ಕೊರಳ ಸರ ಬೇಡ.

6. ಬಿಸಿಲು, ಮಳೆ, ಚಳಿ

ಇದು ಓಟಕ್ಕೆ ಮಾತ್ರವಲ್ಲ, ಮಕ್ಕಳ ಜೊತೆಗಿನ ಯಾವುದೇ ಹೊರಸಂಚಾರಕ್ಕೂ ಅನ್ವಯ.

ಬೇಸಿಗೆಯಲ್ಲಿ ಮಕ್ಕಳ ಮೈ ನಮ್ಮದಕ್ಕಿಂತ ಬೇಗ ಕಾಯುತ್ತದೆ. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ಹೆಚ್ಚು, ಬೆವರು ಕಡಿಮೆ. ಸುತ್ತಲಿನ ಗಾಳಿ ಮೈಗಿಂತ ಬಿಸಿಯಾದಾಗ ಆ ಹರವೇ ಬಿಸಿಯನ್ನು ಒಳಗೆಳೆಯುತ್ತದೆ. ಜೊತೆಗೆ ಆಟದ ಅಮಲಿನಲ್ಲಿ ಬಾಯಾರಿದ್ದು ಅವರಿಗೇ ಗೊತ್ತಾಗುವುದಿಲ್ಲ. ಬೆಳಗಿನ ಓಟವನ್ನೇ ಆರಿಸಿ. ಹೊರಡುವ ಮೊದಲು ಒಂದಿಷ್ಟು ನೀರು, ಆಮೇಲೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲವು ಗುಟುಕು. 1-2 ಕಿ.ಮೀ.ಗೆ ನೀರೇ ಸಾಕು. ಕೆಫೀನ್ ಇರುವ ಎನರ್ಜಿ ಡ್ರಿಂಕ್ ಮಕ್ಕಳಿಗೆ ಯಾವತ್ತೂ ಬೇಡ.

ಹವಾಮಾನ ವರದಿಯಲ್ಲಿ ಯುವಿ ಸೂಚ್ಯಂಕ ಎಂಬ ಅಂಕಿ ಇರುತ್ತದೆ. ಸುಡುವ ಕಿರಣಗಳ ತೀವ್ರತೆಯ ಅಳತೆ ಅದು. 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಟೊಪ್ಪಿ ಮತ್ತು ಎಸ್‌ಪಿಎಫ್ 30 ಅಥವಾ ಅದಕ್ಕೆ ಮೇಲಿನ ಸನ್‌ಸ್ಕ್ರೀನ್ ಬೇಕು. ಹೊರಡುವ 15-20 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕಿವಿ, ಕತ್ತಿನ ಹಿಂಭಾಗ ಮರೆಯುವ ಜಾಗಗಳು. ಹಣೆಗೆ ಕಡಿಮೆ ಹಚ್ಚಿ, ಬೆವರಿನ ಜೊತೆ ಇಳಿದು ಕಣ್ಣು ಉರಿಸುತ್ತದೆ. 6 ತಿಂಗಳ ಒಳಗಿನ ಕೂಸಿಗೆ ಸನ್‌ಸ್ಕ್ರೀನಿಗಿಂತ ನೆರಳೇ ಸರಿ. ನೆರಳಿಗೆಂದು ಸ್ಟ್ರೋಲರ್ ಮೇಲೆ ಬಟ್ಟೆ ಮುಚ್ಚುವವರಿದ್ದಾರೆ. ಗಾಳಿಯಾಡದೆ ಒಳಗೆ ಸೆಕೆ ಏರುತ್ತದೆ, ಮಗುವಿನ ಮುಖವೂ ಕಾಣುವುದಿಲ್ಲ. ಗಾಡಿಯದೇ ಮೇಲ್ಚಾವಣಿ ಬಳಸಿ.

ಮುಖ ಬಿಳಿಚುವುದು ಅಥವಾ ವಿಪರೀತ ಕೆಂಪಾಗುವುದು, ತಲೆನೋವು, ವಾಕರಿಕೆ, ತಲೆಸುತ್ತು ಕಂಡರೆ ಓಟ ಅಲ್ಲಿಗೇ ಮುಗಿಯಿತು. ನೆರಳಿಗೆ ಕರೆದೊಯ್ದು ಮಲಗಿಸಿ, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ ಗಾಳಿ ಹಾಕಿ, ನೀರನ್ನು ಗುಟುಕು ಗುಟುಕಾಗಿ ಕುಡಿಸಿ. ಅರ್ಧ ಗಂಟೆಯಲ್ಲಿ ಚೇತರಿಸದಿದ್ದರೆ ವೈದ್ಯರ ಬಳಿ ಹೋಗಿ. ಮಗು ಅಸಂಬದ್ಧ ಮಾತಾಡಿದರೆ, ಕರೆದರೆ ಓಗೊಡದಿದ್ದರೆ, ಮೈ ಕೆಂಡದಂತಿದ್ದರೆ ಅದು ಬಿಸಿಲಾಘಾತ. ಆಂಬ್ಯುಲೆನ್ಸ್‌ಗೆ ಕರೆ ಮಾಡಿಸಿ, ಅದು ಬರುವವರೆಗೂ ತಣ್ಣೀರು ಸುರಿದು ಮೈ ತಂಪು ಮಾಡುತ್ತಲೇ ಇರಿ. ಪ್ರಜ್ಞೆ ಮಸುಕಾದ ಮಗುವಿನ ಬಾಯಿಗೆ ನೀರು ಹಾಕಬೇಡಿ.

ಮಳೆ ತಾನೇ ತೊಂದರೆಯಲ್ಲ. ಮಕ್ಕಳಿಗೆ ಅದೇ ಮಜಾ. ತೊಂದರೆ ಸಿಡಿಲಿನದು. ಗುಡುಗು ಕೇಳಿಸಿದರೆ ಸಿಡಿಲು ಬಡಿಯುವಷ್ಟು ಹತ್ತಿರ ಇದ್ದೀರಿ ಎಂದೇ ಅರ್ಥ. ಕಟ್ಟಡದೊಳಗೆ ಅಥವಾ ಮುಚ್ಚಿದ ಕಾರಿನೊಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಮರದಡಿ, ಶಾಮಿಯಾನದಡಿ ನಿಲ್ಲಬೇಡಿ. ಸಂಘಟಕರು ಓಟ ನಿಲ್ಲಿಸುವವರೆಗೆ ಕಾಯುವ ಅಗತ್ಯವೂ ಇಲ್ಲ. ಬರಿ ಮಳೆಯಾದರೆ ಕೊಡೆ ಬಿಟ್ಟು ಟೊಪ್ಪಿಯ ತೆಳು ಜಾಕೆಟ್ ಹಾಕಿಸಿ. ಗುಂಪಿನಲ್ಲಿ ಕೊಡೆಯ ಕಡ್ಡಿ ಇರುವುದು ಬೇರೆ ಮಕ್ಕಳ ಕಣ್ಣಿನ ಎತ್ತರಕ್ಕೆ. ಹರಿಯುವ ನೀರು ಎಷ್ಟೇ ಕಡಿಮೆ ಕಂಡರೂ ಮಗುವನ್ನು ಅದರೊಳಗೆ ದಾಟಿಸಬೇಡಿ. ಉದ್ದ ಹುಲ್ಲಿನಲ್ಲಿ ಓಡಿ ಬಂದ ದಿನ ಕಿವಿಯ ಹಿಂದೆ, ಕೂದಲ ಅಂಚು, ಸೊಂಟ, ಮೊಣಕಾಲ ಹಿಂದೆ ಉಣ್ಣೆ ಹುಳು ಕಚ್ಚಿದೆಯೇ ನೋಡಿ. ಕಂಡರೆ ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ, ಬೆಂಕಿಯ ಉಪಾಯ ಬೇಡ.

ಚಳಿಗಾಲದಲ್ಲಿ ಲೆಕ್ಕ ತಿರುಗುಮುರುಗು. ಓಡುವ ಮಗುವಿಗೆ ನಿಮಗಿಂತ ಒಂದು ಪದರ ಕಡಿಮೆ ಸಾಕು, ಸ್ಟ್ರೋಲರಿನಲ್ಲಿ ಕೂತ ಮಗುವಿಗೆ ಒಂದು ಪದರ ಹೆಚ್ಚು ಬೇಕು. ಕೂತವರಿಗೆ ಗಾಳಿ ಎದುರಿಗೆ ಬಡಿಯುತ್ತದೆ, ಮೈಯೋ ಆಡುವುದಿಲ್ಲ. ದಪ್ಪ ಜಾಕೆಟ್ ಮೇಲೆ ಬೆಲ್ಟ್ ಹಾಕಿದರೆ ಬಿಗಿಯಾದಂತೆ ಕಾಣುತ್ತದೆ, ಒಳಗೆ ಸಡಿಲವಿರುತ್ತದೆ. ಬೆಲ್ಟ್ ಮೊದಲು, ಕಂಬಳಿ ಅದರ ಮೇಲೆ. ಒಣ ತಣ್ಣನೆ ಗಾಳಿ ಆಸ್ತಮಾ ಕೆರಳಿಸುತ್ತದೆ. ಓಟಕ್ಕೆ ಮೊದಲು ಇನ್‌ಹೇಲರ್ ಬೇಕಾ, ಎಷ್ಟು ಹೊತ್ತು ಮೊದಲು ಎಂಬುದನ್ನು ವೈದ್ಯರಿಂದ ಕೇಳಿಟ್ಟುಕೊಳ್ಳಿ. ಇನ್‌ಹೇಲರ್ ಓಡುವವರ ಕಿಸೆಯಲ್ಲಿರಬೇಕು, ಕಾರಿನಲ್ಲಲ್ಲ. ಗಾಳಿ ಮಲಿನವೆಂದು ಎಚ್ಚರಿಕೆ ಇರುವ ದಿನ ಯಾವ ಮಗುವನ್ನೂ ಓಡಿಸಬೇಡಿ.

ಯಾವ ಕಾಲವಾದರೂ ಜ್ವರ, ವಾಂತಿ, ಎದೆಯಿಂದ ಬರುವ ಕೆಮ್ಮು ಇದ್ದರೆ ಓಟ ರದ್ದು. ಕಟ್ಟಿದ ದುಡ್ಡಿನ ಮುಖ ನೋಡಬೇಡಿ.

7. ಹಿಂದಿನ ದಿನ

ಬಿಬ್ ಹಿಂದಿನ ದಿನವೇ ಸಿಗುವುದಾದರೆ ತಂದಿಟ್ಟುಕೊಳ್ಳಿ. ಬೆಳಗಿನ ಸಾಲು ಒಂದು ತಪ್ಪಿತು. ಅದರ ಹಿಂಬದಿಯಲ್ಲಿ ಮಗುವಿನ ಹೆಸರು, ನಿಮ್ಮ ಫೋನ್ ಸಂಖ್ಯೆ, ಅಲರ್ಜಿ ಇದ್ದರೆ ಅದನ್ನೂ ಬರೆಯಿರಿ. ಮುಂಬದಿಯಲ್ಲಿ ಹೆಸರು ಬೇಡ. ಅಪರಿಚಿತರು ಹೆಸರು ಹಿಡಿದು ಕರೆದರೆ ಮಕ್ಕಳು ಪರಿಚಯದವರೆಂದೇ ನಂಬುತ್ತಾರೆ. ಅಂಗಿ ಮಗುವಿನ ಮೈಮೇಲಿಲ್ಲದಾಗಲೇ ನಾಲ್ಕು ಮೂಲೆಗೂ ಪಿನ್ ಚುಚ್ಚಿ, ಕುಣಿಯುತ್ತಿರುವ ಮಗುವಿನ ಎದೆಯ ಮೇಲಲ್ಲ. ಬಿಬ್ ಹಿಂದೆ ಸಮಯ ಅಳೆಯುವ ಚಿಪ್ ಅಂಟಿಸಿದ್ದರೆ ಮಡಚಬೇಡಿ.

ಬ್ಯಾಗಿಗೆ: ನೀರು, ಮಗುವಿಗೆ ರೂಢಿಯಿರುವ ತಿಂಡಿ, ಒಂದು ಜೊತೆ ಪೂರ್ತಿ ಬಟ್ಟೆ, ಎರಡು ಜೊತೆ ಸಾಕ್ಸ್, ಸಣ್ಣ ಟವೆಲ್, ಒದ್ದೆ ಬಟ್ಟೆಗೆ ಚೀಲ, ಟಿಶ್ಯೂ, ಬ್ಯಾಂಡೇಜ್, ಔಷಧಿ. ಡಯಾಪರ್ ಬಿಟ್ಟ ಹೊಸತರಲ್ಲಿದ್ದರೆ ಬಟ್ಟೆ ಎರಡು ಜೊತೆ. ಟಿಶ್ಯೂವನ್ನು ಎರಡು ಕಡೆ ಇಡಿ, ತಾತ್ಕಾಲಿಕ ಶೌಚಾಲಯದಲ್ಲಿ ಮೊದಲು ಮುಗಿಯುವುದು ಅದೇ.

ದೊಡ್ಡವರ ನಡುವೆ ಕೆಲಸ ಹಂಚಿಕೊಳ್ಳಿ. ಆರರ ಒಳಗಿನ ಪ್ರತಿ ಮಗುವಿಗೂ ಒಬ್ಬ ದೊಡ್ಡವರು, ಹೆಸರು ಹಿಡಿದು. ‘ಇಬ್ಬರೂ ನೋಡ್ಕೋತೀವಿ’ ಎಂದರೆ ಯಾರೂ ನೋಡುತ್ತಿರುವುದಿಲ್ಲ. ಒಬ್ಬರೇ ಇಬ್ಬರು ಮಕ್ಕಳನ್ನು ಕರೆದೊಯ್ಯುವುದಾದರೆ ಚಿಕ್ಕವರು ಸ್ಟ್ರೋಲರಿನಲ್ಲಿ, ದೊಡ್ಡ ಮಗುವಿನ ಕೈ ಅದರ ಹಿಡಿಕೆಯ ಮೇಲೆ. ಇಬ್ಬರಿಗೂ ಬೇರೆ ಬೇರೆ ಓಟವಿದ್ದರೆ ಸಮಯ ಒಂದರ ಮೇಲೊಂದು ಬೀಳುತ್ತದೆಯೇ ನೋಡಿ.

8. ಬೆಳಗಿನ ಲೆಕ್ಕವನ್ನು ಹಿಂದಿನಿಂದ ಹಾಕುವುದು

ಓಟ 7:30ಕ್ಕೆ ಎನ್ನಿ. ಹೊರಡುವ ಜಾಗದಲ್ಲಿ 7:20ಕ್ಕೆ ನಿಂತರೆ ಸಾಕು. ಅದಕ್ಕಿಂತ ಮೊದಲು ನಿಂತ ಮಗು ಅಷ್ಟರಲ್ಲೇ ಬೇಸರಪಟ್ಟು ಕೂರುತ್ತದೆ. 6:55ಕ್ಕೆ ಶೌಚಾಲಯದ ಸಾಲು ಸೇರಿ, ‘ಬರ್ತಿಲ್ಲ’ ಎಂದರೂ ಒಂದಕ್ಕೆ ಕೂರಿಸಿಯೇ ಕರೆತನ್ನಿ. 6:40ಕ್ಕೆ ಮೈದಾನ. ತಿಂಡಿ 6ಕ್ಕೆ, ಹಗುರವಾಗಿ. ಹೊಟ್ಟೆ ತುಂಬ ತಿಂದು ಓಡಿದರೆ ಪಕ್ಕೆ ಹಿಡಿಯುತ್ತದೆ, ಏನೂ ತಿನ್ನದಿದ್ದರೆ ಅಳು. ಓಟದ ದಿನ ಹೊಸ ತಿಂಡಿಯ ಪ್ರಯೋಗ ಬೇಡ. ಏಳುವುದು 5:30ಕ್ಕೆ.

ದಿನಾ 7ಕ್ಕೆ ಏಳುವ ಮಗುವಿಗೆ ಇದು ಒಂದೂವರೆ ಗಂಟೆ ನಿದ್ದೆಯ ನಷ್ಟ. 3ರಿಂದ 5 ವರ್ಷದವರಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಒಂದೇ ರಾತ್ರಿ ಬೇಗ ಮಲಗಿಸಹೊರಟರೆ ಮಗು ಕಣ್ಣು ಬಿಟ್ಟುಕೊಂಡು ಹಾಸಿಗೆಯಲ್ಲಿ ಹೊರಳಾಡುತ್ತದೆ. ಐದಾರು ದಿನ ಮೊದಲಿನಿಂದ ಮಲಗುವ, ಏಳುವ ಸಮಯವನ್ನು ದಿನಕ್ಕೆ 15 ನಿಮಿಷ ಹಿಂದಕ್ಕೆ ತನ್ನಿ.

ಮೈದಾನಕ್ಕೆ ಕಾಲಿಟ್ಟ ಕೂಡಲೇ ಎರಡು ಕೆಲಸ. ಮಗುವಿನ ಪೂರ್ತಿ ಆಳೆತ್ತರದ ಒಂದು ಫೋಟೋ ತೆಗೆಯಿರಿ. ಕಳೆದುಹೋದ ಮಗು ಏನು ತೊಟ್ಟಿತ್ತು ಎಂದು ಕೇಳಿದಾಗ ಗಾಬರಿಯಲ್ಲಿ ಎಲ್ಲರಿಗೂ ಮರೆತುಹೋಗುತ್ತದೆ. ಆಮೇಲೆ ಕಾಣುವಂಥ ಒಂದು ಗುರುತಿನ ಜಾಗ ತೋರಿಸಿ. ನಾವು ಕಾಣದಿದ್ದರೆ ಹುಡುಕಿಕೊಂಡು ಓಡಬೇಡ, ನಿಂತಲ್ಲೇ ನಿಲ್ಲು, ಸ್ವಯಂಸೇವಕರ ಬಣ್ಣದ ಅಂಗಿ ತೊಟ್ಟವರನ್ನೋ ಮಕ್ಕಳ ಜೊತೆಗಿರುವ ಒಬ್ಬ ಅಮ್ಮನನ್ನೋ ಕರೆ ಎಂದು ಹೇಳಿಕೊಡಿ. ಆ ಅಂಗಿ ಯಾವುದೆಂದು ಬೆರಳು ಮಾಡಿ ತೋರಿಸಿ.

9. ಓಟ

ಸಾಲಿನ ಹಿಂದೆ, ಅಂಚಿನಲ್ಲಿ ನಿಲ್ಲಿ. ಸೀಟಿಯಾದ ಮೇಲೆ ಹತ್ತು ಎಣಿಸಿ ಹೊರಡಿ. ದೊಡ್ಡವರು ಮಗುವಿನ ಹೊರಬದಿಗೆ, ಅಂದರೆ ಹಿಂದಿನಿಂದ ವೇಗವಾಗಿ ಬರುವವರ ಕಡೆಗೆ ಇರಬೇಕು. ಕೈ ಹಿಡಿದು ಎಳೆಯುತ್ತ ಓಡಬೇಡಿ. ಪುಟ್ಟ ಮಕ್ಕಳ ಮೊಣಕೈ ಕೀಲು ಎಳೆತಕ್ಕೆ ಸುಲಭವಾಗಿ ಜಾರುತ್ತದೆ, ಐದರ ಒಳಗಿನವರಲ್ಲಿ ಇದು ಸಾಮಾನ್ಯ. ಎಳೆದ ಕೂಡಲೇ ಅತ್ತು, ಆ ಕೈಯನ್ನು ಆಡಿಸದೆ ಇಳಿಬಿಟ್ಟುಕೊಂಡರೆ ನೀವೇ ತಿರುಚಿ ಸರಿಮಾಡಹೋಗದೆ ವೈದ್ಯರ ಬಳಿ ಒಯ್ಯಿರಿ.

ಶೂ ಸರಿಮಾಡಲು, ಫೋಟೋ ತೆಗೆಯಲು ನಿಲ್ಲುವುದಾದರೆ ಮೊದಲು ದಾರಿಯ ಪಕ್ಕಕ್ಕೆ ಬನ್ನಿ. ನಡುವೆ ಏಕಾಏಕಿ ನಿಂತಾಗಲೇ ಹಿಂದಿನವರು ಬಂದು ಗುದ್ದುವುದು. ನೀರಿನ ಮೇಜುಗಳಲ್ಲಿ ಮೊದಲನೆಯದಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ಕೊನೆಯ ಮೇಜಿಗೆ ಹೋಗಿ. ಅಲ್ಲಿ ನೆಲ ಒದ್ದೆ, ನಡೆದುಕೊಂಡೇ ದಾಟಿ. ಓಡುವಾಗ ಬಾಯಲ್ಲಿ ಚಾಕೊಲೇಟ್, ಚೂಯಿಂಗ್ ಗಮ್, ಗಟ್ಟಿ ಮಿಠಾಯಿ ಇರಬಾರದು, ಗಂಟಲಿಗೆ ಸಿಕ್ಕುತ್ತದೆ.

ಮಗು ಕೂತುಬಿಟ್ಟಿತೇ? ಮೊದಲು ಕಾರಣ ಹುಡುಕಿ: ಶೂ ಚುಚ್ಚುತ್ತಿದೆಯೇ, ಬಾಯಾರಿದೆಯೇ, ಒಂದಕ್ಕೆ ಬಂದಿದೆಯೇ, ಸದ್ದಿಗೆ ಹೆದರಿದೆಯೇ. ಧ್ವನಿವರ್ಧಕದ ಪಕ್ಕ ಅನೇಕ ಮಕ್ಕಳು ಹೆಜ್ಜೆ ಕೀಳುವುದಿಲ್ಲ. ಅಲ್ಲಿಂದ ಎತ್ತಿಕೊಂಡು ದಾಟಿಸಿದರೆ ಮತ್ತೆ ಓಡುತ್ತಾರೆ. ಏನೂ ಕಾರಣವಿಲ್ಲದೆ ಸುಸ್ತಾಗಿದ್ದರೆ ಎರಡು ನಿಮಿಷ ಕೂರಲಿ, ಆಮೇಲೆ ಮುಂದಿನ ಕಂಬದವರೆಗೆ ಮಾತ್ರ ಎನ್ನಿ. ಆಗಲೂ ಬೇಡವೆಂದರೆ ಎತ್ತಿಕೊಂಡು ದಾರಿಯಿಂದ ಹೊರಗೆ ಬನ್ನಿ. ‘ಅವಳು ಓಡ್ತಿದಾಳೆ ನೋಡು, ನೀನ್ಯಾಕೆ’ ಎಂಬ ಹೋಲಿಕೆಯಿಂದ ಇವತ್ತಿನ ಇನ್ನೂರು ಮೀಟರ್ ಸಿಗಬಹುದು, ಮುಂದಿನ ಸಲ ಮಗು ಶೂ ಹಾಕಿಕೊಳ್ಳಲೇ ಒಪ್ಪುವುದಿಲ್ಲ. ಎತ್ತಿಕೊಂಡು ಗೆರೆ ದಾಟಿದರೂ ಫನ್ ರನ್ನಿನಲ್ಲಿ ಯಾರೂ ಆಕ್ಷೇಪಿಸುವುದಿಲ್ಲ.

10. ಗೆರೆ ದಾಟಿದ ಮೇಲೆ

ಗೆರೆ ದಾಟಿದ ತಕ್ಷಣ ನಿಲ್ಲಬೇಡಿ, ಹಿಂದಿನವರಿಗೆ ಜಾಗ ಬಿಟ್ಟು ಐದು ನಿಮಿಷ ನಡೆದಾಡಿ. ಮಕ್ಕಳು ಕೈ ತಪ್ಪುವುದು ಹೆಚ್ಚಾಗಿ ಇಲ್ಲೇ, ದೊಡ್ಡವರು ಪದಕ, ತಿಂಡಿ ಪೊಟ್ಟಣಗಳ ಸಾಲಿನಲ್ಲಿ ಮೈಮರೆತಾಗ. ಬೆವರಿನದೋ ಮಳೆಯದೋ, ಒದ್ದೆ ಬಟ್ಟೆಯನ್ನು ಫೋಟೋಗೂ ಮೊದಲು ಬದಲಿಸಿ. ಪೊಟ್ಟಣದಲ್ಲಿ ಇಡೀ ಬೀಜ, ಗುಂಡನೆಯ ಗಟ್ಟಿ ಮಿಠಾಯಿ ಇದ್ದರೆ ನಾಲ್ಕೈದು ವರ್ಷದ ಒಳಗಿನವರಿಂದ ದೂರ ಇಡಿ. ಸ್ಟ್ರೋಲರಿನಲ್ಲಿ ಬಂದ ತಮ್ಮನಿಗೂ ತಂಗಿಗೂ ಪದಕ ಸಿಗುತ್ತದೆಯೇ ಎಂದು ನೋಂದಣಿಯಲ್ಲೇ ಕೇಳಿರಬೇಕು. ಇಲ್ಲವಾದರೆ ಒಂದು ರಿಬ್ಬನ್ ಮನೆಯಿಂದಲೇ ತನ್ನಿ, ಇಲ್ಲದಿದ್ದರೆ ಮನೆಯವರೆಗೂ ರಂಪ. ಚಿಪ್ ವಾಪಸ್ ಕೊಡಬೇಕೇ ಎಂದು ಕೇಳಿ ಹೊರಡಿ. ಮಧ್ಯಾಹ್ನಕ್ಕೆ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ.

ಆ ರಾತ್ರಿ ಎರಡೂ ಕಾಲು ನೋಯುತ್ತದೆಂದು ಮಗು ಎದ್ದರೆ ನೀವಿ ಮಲಗಿಸಿ. ಬೆಳಗ್ಗೆ ಎದ್ದು ಎಂದಿನಂತೆ ಓಡಾಡಿದರೆ ಚಿಂತೆಯಿಲ್ಲ. ನೋವು ಒಂದೇ ಕಾಲಿನಲ್ಲಿದ್ದರೆ, ಕುಂಟಿದರೆ, ಕೀಲು ಊದಿದರೆ, ಜ್ವರ ಜೊತೆಗಿದ್ದರೆ, ಅಥವಾ ಬೆಳಗ್ಗೆಯೂ ನೋವು ಉಳಿದಿದ್ದರೆ ವೈದ್ಯರಿಗೆ ತೋರಿಸಿ. ಎಂಟು ದಾಟಿದ ಮಕ್ಕಳಲ್ಲಿ ಓಡಿದಾಗಲೆಲ್ಲ ಹಿಮ್ಮಡಿ ನೋಯುವುದುಂಟು. ಬೆಳೆಯುತ್ತಿರುವ ಹಿಮ್ಮಡಿ ಮೂಳೆಯ ಮೇಲೆ ಬೀಳುವ ಎಳೆತ ಇದಕ್ಕೆ ಕಾರಣ. ನೋವು ಹೋಗುವವರೆಗೆ ಓಟ ನಿಲ್ಲಿಸಿ, ಸವೆದ ಶೂ ಇದ್ದರೆ ಬದಲಿಸಿ. ಮುಂದಿನ ಓಟಕ್ಕೆ ಹೆಸರು ಬರೆಸುವ ಮೊದಲು ಮೆತ್ತೆ ಹೊರತೆಗೆದು ಪಾದದ ಅಳತೆ ಮತ್ತೊಮ್ಮೆ ನೋಡಿ. ಎರಡು ಮೂರು ತಿಂಗಳಲ್ಲಿ ಆ 1 ಸೆಂ.ಮೀ. ಜಾಗ ಮುಗಿದುಹೋಗಿರಬಹುದು.